ಬೆಲ್ ಪಾಯಿಂಟ್ ಒಂದು

ಕೌಲ್ ಬಜಾರಿನ ಎರಡನೇ ಗೇಟಿನ ಹಿಂದ ಎರ್ರೆಮ್ಮನ ಮನಿ.
ಮೊದಲು ಎಮ್ಮಿ ಕಟ್ಟತಿದ್ದ ಕೋಣಿ ಅದು,
ಆಮ್ಯಾಲ ಕಟಿಗಿ, ಆಮ್ಯಾಲ ಯಾರಿಗೂ ಬ್ಯಾಡಾದ ಮಂಚ.
ಈಗ ಮೂರು ಹೊಲಿಗಿ ಮಿಷನ್ನು ಬರಬೇಕು,
ಮೋಟರಿನವು, ಜೀನ್ಸ್ ಹೊಲಿಯೋವು.
"ಶುಕ್ರವಾರದೊಳಗ ಮುಗಸು" ಅಂದಳು.
ಅವತ್ತು ಮಂಗಳವಾರ.

ಗೋಡಿ ಸೈಜುಗಲ್ಲಿನದು.
ನಮ್ಮೂರ ಗುಡ್ಡದ ಕಲ್ಲು ಯಾರ ಮಾತೂ ಕೇಳೋದಲ್ಲ.
ಕಟ್ಟರಿನ ಬ್ಲೇಡು ಎರಡು ತಿಂತು.
ಮೂರನೇದು ಹಾಕೋ ಮುಂಚೆ ಕೈ ಮುಗಿದು
ಸಂದಿಯ ಗಚ್ಚು ಹುಡುಕಿ ಸುತ್ತು ಹಾಕಿದೆ.
ಧೂಳು ಹಲ್ಲಿನಾಗ, ರೆಪ್ಪಿಯಾಗ,
ಪೀರ ತಂದ ಮಂಡಕ್ಕಿ ಒಗ್ಗರಣಿಯಾಗ.

ಎರ್ರೆಮ್ಮನ ಮಗಳು ಸುಂಕಮ್ಮ
ಬಾಗಿಲಾಗ ನಿಂತು ನೋಡತಿದ್ದಳು.
ಕಟ್ಟರು ಕಿರುಚಿದರ ಓಣಿ ನಾಯಿ ಓಡಿದವು,
ಆಕಿ ಮಾತ್ರ ಅಂಗೈ ಗೋಡಿಗೆ ಹಚ್ಚಿ
ನಕ್ಕಳು.
ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ.
ಉಗುರಿನ ಬುಡದಾಗ
ತೊಳೆದರೂ ಹೋಗದ ನೀಲಿ.

ಮೋಟರಿಗೆ ಎರಡೂವರಿ ವೈರು, ದೀಪಕ್ಕ ಒಂದೂವರಿ,
ಅರ್ಥಿಂಗಿಗೆ ಹಸರು.
"ಇನ್ನೊಂದೈತಿ" ಅಂದಳು ಎರ್ರೆಮ್ಮ.
ಅಡಿಗಿಮನ್ಯಾಗ ಬಟನ್ನು ಒತ್ತಿದರ
ಮಗಳ ಮಿಷನ್ನಿನ ಮುಂದ ಬಲ್ಬು ಮಿಣುಕಬೇಕು.
"ಎಷ್ಟಂತ ಎದ್ದು ಬಂದು ಭುಜ ಮುಟ್ಟಲಿ?
ಹೊಲಿಯೋ ಹೊತ್ತಿನ್ಯಾಗ ಮುಟ್ಟಿದರ ಬೆಚ್ಚತಾಳ.
ಹೋದ ವರ್ಷ ಸೂಜಿ ಬೆರಳಾಗ ಇಳೀತು."

ಹನ್ನೆರಡು ವೋಲ್ಟು ಸಾಕು ಅದಕ್ಕ,
ದಾರದಂಥ ವೈರು.
ಪೀರ ಅಂದ, "ಉಸ್ತಾದ್, ಅದೇ ಪೈಪಿನಾಗ ತುರುಕೋಣು, ಜಾಗ ಐತಿ."
ಬ್ಯಾಡ ಅಂದೆ.
ದೊಡ್ಡ ಕರೆಂಟಿನ ಮಗ್ಗಲಿಗೆ ಸಣ್ಣದು ಮಲಗಬಾರದು.
ಚರ್ಮ ಸುಲಿದ ದಿನ
ಕುಡತಿನಿಯಿಂದ ಹೊತ್ತು ತಂದ ಸಿಟ್ಟೆಲ್ಲ
ಎರ್ರೆಮ್ಮನ ಬೆರಳಿಗೆ ಇಳೀತೈತಿ.
ಒಂದು ಗೇಣು ದೂರ ನಡೀಬೇಕು, ಉದ್ದಕ್ಕೂ.
ದಾಟಲೇಬೇಕಂದರ ನೇರ ಅಡ್ಡ ದಾಟಬೇಕು,
ಗೇಟಿನಾಗ ಹಳಿ ದಾಟಿದಂಗ.
ಹಳಿಗುಂಟ ಯಾರು ನಡೀತಾರ?

ಇದನ್ನ ಸುಂಕಮ್ಮಗ ಹೆಂಗ ಹೇಳೋದು?
ಕೈ ಆಡಿಸಿದೆ, ಬೆರಳು ಮಡಚಿದೆ, ಸೋತೆ.
ಆಕಿ ಒಳಗ ಹೋಗಿ ಪ್ಯಾಂಟಿನ ಒಂದು ಕಾಲು ತಂದಳು,
ಬೆಳಕಿಗೆ ಹಿಡಿದಳು:
ಜೋಡಿ ಹೊಲಿಗಿ.
ಸೊಂಟದಿಂದ ಹಿಮ್ಮಡಿತನಕ ಎರಡು ಅರಿಶಿಣ ದಾರ,
ಒಂದೇ ದಾರಿ,
ಎಲ್ಲೂ ಒಂದಕ್ಕೊಂದು ತಾಕಿಲ್ಲ.
ಹುಬ್ಬು ಏರಿಸಿದಳು, ಇದೇ ಅಲ್ಲೇನು?
ಇಪ್ಪತ್ತು ವರ್ಷದಾಗ ಯಾವ ಹೆಲ್ಪರಿಗೂ
ಇಷ್ಟು ಲಗೂನ ತಿಳಿದಿರಲಿಲ್ಲ.

ಟೇಲರಿನ ಸೀಮೆಸುಣ್ಣ ತಗೊಂಡು
ಗೋಡಿ ಮ್ಯಾಲ ಆಕಿಯೇ ಗೆರಿ ಎಳೆದಳು,
ದೊಡ್ಡದಕ್ಕ ಬಿಳಿ, ಸಣ್ಣದಕ್ಕ ನೀಲಿ,
ಮೂಲಿ ಬಂದಲ್ಲಿ ಅರಿವಿ ಮಡಚೋ ಲೆಕ್ಕದಾಗ
ಎರಡು ಬೆರಳು ಬಿಟ್ಟು.
ನಾನು ಟೇಪು ಕಿಸೆದಾಗ ಇಟ್ಟೆ.
ಗಿಲಾವು ಹಚ್ಚೋ ಮೊದಲು ಪೀರ ಫೋಟೋ ಹೊಡಕೊಂಡ,
ಮುಂದ ಯಾರಾದರೂ ಕ್ಯಾಲೆಂಡರಿಗಂತ
ಮೊಳಿ ಹೊಡೆದಾರು.

ಗುರುವಾರ ಮಧ್ಯಾಹ್ನ ಕರೆಂಟೇ ಹೋತು.
ನಾಲ್ಕು ತಾಸು ಪರಸಿ ಮ್ಯಾಲ ಕೂತಿವಿ,
ವೈರಿದ್ದೂ ಇಲ್ಲದಂಗ.

ಶುಕ್ರವಾರ ಮಿಷನ್ನು ಬಂದವು.
ಬಲ್ಬು ಹಚ್ಚಿದೆ, ಕಡ್ಲಿಕಾಳಿನಷ್ಟು.
ಒಳಗಿಂದ ಎರ್ರೆಮ್ಮ ಒತ್ತಿದಳು.
ಮಿಣುಕು.
ಸುಂಕಮ್ಮ ಪೆಡಲ್ ಬಿಟ್ಟು ತಲಿ ಎತ್ತಿದಳು,
ಬೆಚ್ಚಲಿಲ್ಲ.
ಮತ್ತ ಮಿಣುಕು. ಮತ್ತ. ಮತ್ತ.
ಮುದುಕಿ ಸುಮ್ಮಸುಮ್ಮನ ಒತ್ತಾಕತ್ತಿದ್ದಳು.

ಬಿಲ್ಲಿನಾಗ ಬರದೆ, ಬೆಲ್ ಪಾಯಿಂಟ್ ಒಂದು.
ಎರ್ರೆಮ್ಮ ಜಗಳಕ್ಕ ಬಂದಳು,
"ಸಪ್ಪಳನ ಆಗದ ಬೆಲ್ಲಿಗೆ
ಬೆಲ್ಲಿನ ರೊಕ್ಕ ಹೆಂಗ ಕೇಳತೀಯೋ?"
ನೂರು ರೂಪಾಯಿ ಬಿಟ್ಟೆ.
ಗೊಣಗಿಕೋತ ಒಳಗ ಹೋದಳು.

ಬ್ಯಾಗು ಹೆಗಲಿಗೇರಸೋದರಾಗ
ಆ ಕಡ್ಲಿಕಾಳು ಮತ್ತೊಮ್ಮೆ ಹತ್ತಿ ಆರಿತು.
ಸುಂಕಮ್ಮ ನನ್ನ ಕಡಿ ತಿರುಗಿ
ಗಾಳಿಯಾಗ ಒಂದು ಕಪ್ಪು ಹಿಡಿದು
ತುಟಿಗೆ ಒಯ್ದು ತೋರಿಸಿದಳು,
ನಿಂದರು, ಚಾ ಐತಿ.